ಕಡ್ಡಿಯ ಗೆರೆ ದಾಟಿದ ಎಣ್ಣೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೂಡೆಯ ಕಡಲ ಬದಿಯಲ್ಲಿ ತಗಡು ಹೊದಿಸಿದ ಚಿಕ್ಕ ಶೆಡ್ಡಿನ ಮುಂದೆ ವಾಸು ಕುಕ್ಕರುಗಾಲಿನಲ್ಲಿ ಕುಳಿತಿದ್ದಾರೆ. ಮಾಡಿನ ಅಂಚಿಗೆ ಹರಿದ ಬಲೆಯ ನೂಲು ಕಟ್ಟಿ, ಅದರಲ್ಲಿ ಸಾಲಾಗಿ ಕಬ್ಬಿಣದ ಮೊಳೆಗಳನ್ನು ತೂಗುಹಾಕಿದ್ದಾರೆ. ಒಂದೊಂದು ಮೊಳೆಗೂ ಒಂದೊಂದು ಬಣ್ಣದ ಬಟ್ಟೆಯ ಚೂರು. ಗಾಳಿಗೆ ಅವು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತವೆ. ವಾಸು ಒಂದನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡುತ್ತಾರೆ, ಹೆಬ್ಬೆರಳಿನಿಂದ ಉಜ್ಜುತ್ತಾರೆ, ಮೂಗಿನ ಹತ್ತಿರ ತರುತ್ತಾರೆ, ಬಿಡುತ್ತಾರೆ. ಹಳದಿ ಚೂರಿನ ಮೊಳೆಗೆ ತುಕ್ಕು ಹಿಡಿದಿದೆ. ಅದು ಪೇಟೆಯಲ್ಲಿ ಎಲ್ಲಕ್ಕಿಂತ ಹೆಚ್ಚಿನ ಬೆಲೆಗೆ ಸಿಗುವ ಎಂಜಿನ್ ಎಣ್ಣೆಯಲ್ಲಿ ಅದ್ದಿದ ಮೊಳೆ.

ಕೆಳಗೆ ಮರಳಿನಲ್ಲಿ ದೋಣಿಗಳನ್ನು ನೂಕುತ್ತಿದ್ದಾರೆ. ಆಟಿ ತಿಂಗಳ, ನಡು ಮಳೆಗಾಲದ ಕಡಲು. ದೊಡ್ಡ ಬೋಟುಗಳಿಗೆ ಈಗ ರಜೆ, ನಾಡದೋಣಿಯವರಿಗೆ ಮಾತ್ರ ಇದು ದುಡಿಮೆಯ ಕಾಲ. ಒಂದರ ಹಿಂದೆ ಒಂದು ಎಂಜಿನ್ ಹೊತ್ತಿಕೊಳ್ಳುತ್ತದೆ. ವಾಸು ಮೊಳೆ ಬಿಟ್ಟು ತಲೆ ಎತ್ತುತ್ತಾರೆ. ಅಷ್ಟು ಎಂಜಿನ್‌ಗಳ ನಡುವೆ ಅವರು ಕೇಳುತ್ತಿರುವುದು ಒಂದರ ಸ್ವರವನ್ನು ಮಾತ್ರ. ಅದು ತೆರೆ ದಾಟಿ, ಸಣ್ಣದಾಗಿ, ಗಾಳಿಯಲ್ಲಿ ಕರಗುವ ತನಕ ಅವರ ಕೈ ಅಲುಗುವುದಿಲ್ಲ.

"ಇವತ್ತೂ ಇಳಿಸದೆಯೇ ಹೋದ," ಎನ್ನುತ್ತಾರೆ ಕಡೆಗೆ.

ಹೋದವನು ಅಖಿಲ್, ವಾಸು ಅವರ ತಂಗಿ ಸರಸ ಅವರ ಮಗ. ಇಳಿಸಬೇಕಾದದ್ದು ಅವನ ದೋಣಿಯ ಎಂಜಿನ್ನಿನೊಳಗಿನ ಹಳೆಯ ಎಣ್ಣೆ. ಇದ್ದರೆ ಒಂದು ಲೀಟರಿನ ಆಸುಪಾಸು. ಅಷ್ಟನ್ನು ಹೊರಗೆ ಬಿಟ್ಟು ಹೊಸತು ಹೊಯ್ಯಲು ನಿಧಾನಕ್ಕೆ ಒಂದು ಬೀಡಿ ಸೇದುವಷ್ಟು ಹೊತ್ತು ಸಾಕು. ಆ ಹೊತ್ತು ವಾಸು ಅವರಿಗೆ ಸಿಗುತ್ತಿಲ್ಲ.

ಅವರಿಗೆ ಅರವತ್ತೈದು ದಾಟಿದೆ. ಶಾಲೆ ನಾಲ್ಕನೆಯ ಕ್ಲಾಸಿಗೇ ಮುಗಿಯಿತು. ಆಮೇಲೆ ಮಲ್ಪೆಯ ಒಂದು ವರ್ಕ್‌ಶಾಪಿನಲ್ಲಿ ಎಂಜಿನ್ನಿನ ಸಾಮಾನುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುವ ಕೆಲಸ. ತೊಳೆಯುತ್ತಾ ತೊಳೆಯುತ್ತಾ ಬಿಚ್ಚಲು ಕಲಿತರು, ಬಿಚ್ಚುತ್ತಾ ಜೋಡಿಸಲು ಕಲಿತರು. ಶೆಡ್ಡಿಗೆ ಬೋರ್ಡು ಇಲ್ಲ, ಎಂದೂ ಇರಲಿಲ್ಲ. ಹೂಡೆಯಿಂದ ಕಾಪುವಿನ ತನಕ ಯಾರ ದೋಣಿಯ ಎಂಜಿನ್ ಕೆಟ್ಟರೂ ವಾಸಣ್ಣನಲ್ಲಿಗೆ ಕೊಂಡುಹೋಗಿ ಎನ್ನುತ್ತಿದ್ದರು. ಎನ್ನುತ್ತಿದ್ದರು ಎಂದೇ ಬರೆಯಬೇಕು. ಈಗ ಉಡುಪಿಯಲ್ಲಿ ಕಂಪನಿಯವರ ಸರ್ವೀಸ್ ಸೆಂಟರ್ ಉಂಟು, ಅಲ್ಲಿ ಕುಳಿತುಕೊಳ್ಳಲು ಕುರ್ಚಿ ಉಂಟು, ಫ್ಯಾನ್ ಉಂಟು. ವಾಸು ಅವರ ಶೆಡ್ಡಿಗೆ ಬರುವುದು ಯಾರೂ ಮುಟ್ಟದ ಹಳೆಯ ಎಂಜಿನ್‌ಗಳು, ಇಲ್ಲವಾದರೆ ಪ್ರಾಣ ಹೋದ ಮೇಲೆ ಹೊತ್ತು ತಂದವು. ವರ್ಷಗಟ್ಟಲೆ ಎಣ್ಣೆಯಲ್ಲಿ ನೆಂದ ಅವರ ಅಂಗೈಗಳಲ್ಲಿ ಚರ್ಮ ಒಣಗಿದ ಕೆಸರಿನ ಹಾಗೆ ಬಿರಿದಿದೆ. ಊಟಕ್ಕೆ ಕೈ ತೊಳೆದರೂ ಉಗುರಿನ ಸಂದಿಯ ಕಪ್ಪು ಹೋಗುವುದಿಲ್ಲ.

ಹಿಂದಿನ ಎಂಜಿನ್‌ಗಳ ಸಂಗತಿ ಬೇರೆ. ಎಣ್ಣೆಯನ್ನು ಸೀಮೆಎಣ್ಣೆಗೇ ಬೆರೆಸಿ ಟ್ಯಾಂಕಿಗೆ ಹೊಯ್ಯುವುದು, ಎರಡೂ ಒಟ್ಟಿಗೆ ಉರಿದುಹೋಗುವುದು. ಎಣ್ಣೆ ಇಳಿಸುವುದು ಎಂಬ ಮಾತೇ ಈ ಕಡಲ ಬದಿಯಲ್ಲಿ ಇರಲಿಲ್ಲ. ಹುಟ್ಟು ಹಾಕಿದ ಕೈಗಳು ಮೊದಲ ಎಂಜಿನ್ ಹಿಡಿದ ದಿನದಿಂದ ಒಂದು ತಲೆಮಾರಿನವರು ಹಾಗೆಯೇ ನಡೆಸಿದರು. ಸೀಮೆಎಣ್ಣೆ ಸರಿಯಾಗಿ ಸಿಗದೆ ಹೋದಾಗ ಪೆಟ್ರೋಲಿನ ಹೊಸ ಎಂಜಿನ್‌ಗಳು ಬಂದವು. ಇವುಗಳಲ್ಲಿ ಎಣ್ಣೆ ಉರಿಯುವುದಿಲ್ಲ, ಹೊಟ್ಟೆಯ ತಳದಲ್ಲಿ ನಿಂತು ಅಲ್ಲಿಯೇ ಹಳಸುತ್ತದೆ.

"ಮೊದಲಿನದು ಕುಡಿದು ಮುಗಿಸುವ ಎಂಜಿನ್. ಇದು ಎಲೆಯಡಿಕೆಯ ಹಾಗೆ ಬಾಯಲ್ಲಿ ಇಟ್ಟುಕೊಂಡು ಕೂರುವ ಎಂಜಿನ್," ಎನ್ನುತ್ತಾರೆ ವಾಸು. "ಉಗುಳದಿದ್ದರೆ ಹೇಗೆ ಆಗುತ್ತದೆ ಹೇಳಿ."

ಅವರ ಭಾವ, ಸರಸ ಅವರ ಗಂಡ ಶೀನ, ಹಳೆಯ ಎಂಜಿನ್ ನಡೆಸುವುದರಲ್ಲಿ ದೊಡ್ಡ ಕೈ. ಎಣ್ಣೆ ಬೆರೆಸುವಾಗ ಅಳತೆಯ ಪಾತ್ರೆ ಹಿಡಿದವರಲ್ಲ. ಬಣ್ಣ ನೋಡಿ ಸಾಕು ಎಂದರೆ ಅದು ಸಾಕಾಗಿರುತ್ತಿತ್ತು. ಹೊಸ ಎಂಜಿನ್ನನ್ನೂ ಅವರು ಅಕ್ಕರೆಯಿಂದಲೇ ನೋಡಿಕೊಂಡರು. ದಿನಾ ಒರೆಸಿದರು, ಸಿಹಿನೀರಿನಲ್ಲಿ ತೊಳೆದರು, ಮೇಲೆ ಗೋಣಿ ಹೊದಿಸಿದರು. ಎಣ್ಣೆಯನ್ನು ಮಾತ್ರ ಇಳಿಸಲಿಲ್ಲ. ವಾಸು ಹೇಳಿದ್ದುಂಟು. ಒಳ್ಳೆಯ ಎಣ್ಣೆಯನ್ನು ಮರಳಿಗೆ ಹೊಯ್ಯಲು ನನಗೆ ಹುಚ್ಚಾ ಭಾವ ಎಂದು ಶೀನ ನಕ್ಕಿದ್ದರಂತೆ.

ಹೋದ ವರ್ಷ ಇದೇ ಆಟಿಯಲ್ಲಿ, ಬೂತಾಯಿ ಮೀನಿನ ಹಿಂದೆ ಕಾಪುವಿನ ತನಕ ಹೋದ ದೋಣಿಯ ಎಂಜಿನ್ ಕಡಲಿನಲ್ಲಿ ಹಿಡಿದುಕೊಂಡು ನಿಂತುಬಿಟ್ಟಿತು. ಎಷ್ಟು ಎಳೆದರೂ ಅಲುಗಲಿಲ್ಲ. ತೆರೆ ದೋಣಿಯನ್ನು ದೀಪಸ್ತಂಭದ ಬಂಡೆಗಳ ಮೇಲೆ ಎತ್ತಿ ಹಾಕಿತು. ಉಳಿದವರು ಈಜಿ ಬಂದರು, ಈಜಿ ಬಂದವರಲ್ಲಿ ಅಖಿಲನೂ ಒಬ್ಬ. ಶೀನ ಬರಲಿಲ್ಲ.

ಆ ಎಂಜಿನ್ ಬಿಚ್ಚಿದವರು ವಾಸು. ಇದೇ ಶೆಡ್ಡಿನಲ್ಲಿ, ಇದೇ ಹಲಗೆಯ ಮೇಲೆ. ಒಳಗೆ ಕಡಲ ನೀರು ಹೊಕ್ಕಿತ್ತು, ನಿಜ. ಆದರೆ ಮೂಲೆ ಮೂಲೆಯಲ್ಲಿ ಕಪ್ಪು ಮಡ್ಡಿ ಕಟ್ಟಿತ್ತು, ಶಾಫ್ಟಿಗೆ ಬೇರಿಂಗ್ ಕರಗಿ ಅಂಟಿತ್ತು. ಕಡಲ ನೀರು ಅದನ್ನು ಮಾಡುವುದಿಲ್ಲ. ಮೈಲಿಗೆ ಕಳೆದ ಮೇಲೆ ಅವರು ಅಖಿಲನನ್ನು ಕರೆದು ತೋರಿಸಿದರು. ಹುಡುಗ ಬಹಳ ಹೊತ್ತು ನೋಡಿದ. ಆಮೇಲೆ ಒಂದು ಮಾತು ಕೇಳಿದ.

"ಮಾವ, ನಾವು ಹಾಕಿದ್ದು ಕಡಿಮೆ ಬೆಲೆಯ ಎಣ್ಣೆ ಅಲ್ವಾ?"

ವಾಸು ಅವರ ಈ ವರ್ಷದ ಬದುಕೆಲ್ಲ ಆ ಒಂದು ಪ್ರಶ್ನೆಯ ಹಿಂದೆ ಹೋಗಿದೆ. ಸತ್ತವರ ಮಗ ಕಲಿತ ಪಾಠ ಅದು: ಎಣ್ಣೆ ಅಗ್ಗದ್ದಾಗಿತ್ತು, ಹಾಗಾಗಿ ಎಂಜಿನ್ ನಿಂತಿತು. ಈ ಸಲ ದೋಣಿಯವರೆಲ್ಲ ಸೇರಿ ಹೊಸ ಎಂಜಿನ್ ತಂದರು, ಅದಕ್ಕೆ ಪೇಟೆಯಿಂದ ಬಂಗಾರದ ಬಣ್ಣದ ಡಬ್ಬ ತಂದರು. ಡಬ್ಬದ ಮೇಲೆ ಓಡುವ ಕಾರಿನ ಚಿತ್ರ, ಫುಲ್ಲಿ ಸಿಂಥೆಟಿಕ್ ಎಂಬ ದಪ್ಪ ಅಕ್ಷರ, ಅದರ ಕೆಳಗೆ ಹದಿನೈದು ಸಾವಿರ ಕಿಲೋಮೀಟರ್. ಅಖಿಲ್ ಲೆಕ್ಕ ಹಾಕಿದ. ದಿನಕ್ಕೆ ಹೋಗಿಬರುವುದು ಎಷ್ಟು, ಮಳೆಗಾಲಕ್ಕೆ ಎಷ್ಟು ದಿನ. ಎರಡು ಮೂರು ವರ್ಷ ಮುಟ್ಟಬೇಕಾಗಿಲ್ಲ ಎಂದು ಬಂತು.

"ಬಲೆ ಬಿಟ್ಟು ನಿಂತಲ್ಲೇ ಎಂಜಿನ್ ಗುರುಗುರು ಅನ್ನುತ್ತದಲ್ಲ, ಆಗ ಎಷ್ಟು ಕಿಲೋಮೀಟರ್ ಆಯಿತು ಮಾರಾಯ ಅಂತ ಕೇಳಿದೆ," ಎನ್ನುತ್ತಾರೆ ವಾಸು. "ಅದು ಸೊನ್ನೆ ಮಾವ ಅಂದ. ಸೊನ್ನೆಯಂತೆ. ಅರ್ಧ ದಿನ ಉರಿದದ್ದು ಸೊನ್ನೆ."

ಕಾರಿನವರಿಗೆ ರಸ್ತೆಯ ಲೆಕ್ಕ, ಕಡಲಿನವರಿಗೆ ಗಂಟೆಯ ಲೆಕ್ಕ. ಈ ಸಣ್ಣ ಎಂಜಿನ್‌ಗಳಿಗೆ ನೂರು ಗಂಟೆ ಓಡಿದರೆ ಎಣ್ಣೆ ಬದಲಿಸಬೇಕು. ಮಳೆಗಾಲದ ದುಡಿಮೆಯಲ್ಲಿ ನೂರು ಗಂಟೆ ಎಂದರೆ ಎರಡು ವಾರ. ಎರಡು ವಾರಕ್ಕೊಮ್ಮೆ ಬಂಗಾರದ ಡಬ್ಬ ಮರಳಿಗೆ ಹೊಯ್ಯಿರಿ ಎಂದರೆ ಯಾರು ಕೇಳುತ್ತಾರೆ? ಹಾಗಾದರೆ ಬೇರೆ ಯಾವ ಎಣ್ಣೆ ಸಾಕು, ಯಾವುದು ಉಪ್ಪಿಗೆ ತಡೆಯುತ್ತದೆ ಎಂದು ತಿಳಿಯಲು ವಾಸು ಹೊರಟರು.

ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಮಗಳು ತೃಪ್ತಿ ಮಣಿಪಾಲದ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಾಳೆ. ಆದಿತ್ಯವಾರ ಅವಳು ಖಾಲಿ ಡಬ್ಬಗಳನ್ನು ಚೀಲದಲ್ಲಿ ತುಂಬಿಸಿಕೊಂಡು ಬರುತ್ತಾಳೆ. ತಳದಲ್ಲಿ ಉಳಿದ ನಾಲ್ಕು ಹನಿ ಅಪ್ಪನಿಗೆ, ಡಬ್ಬದ ಅಕ್ಷರ ಓದುವ ಕೆಲಸ ಅವಳಿಗೆ. ಹಿಂದಿನ ಬದಿಯ ಸಣ್ಣ ಅಕ್ಷರಗಳನ್ನೂ ಓದಿ ಹೇಳುತ್ತಾಳೆ. ಸಂಖ್ಯೆಯ ಪಕ್ಕದಲ್ಲಿ ಇರುವ ಒಂದು ಅಕ್ಷರ ಚಳಿಗಾಲಕ್ಕೆ ಸಂಬಂಧಪಟ್ಟದ್ದು ಎಂದು ಅವಳು ಹೇಳಿದಾಗ ಅಪ್ಪ ಜೋರಾಗಿ ನಕ್ಕರಂತೆ. ಹೂಡೆಯ ಚಳಿಗಾಲಕ್ಕೆ ಹೆಗಲ ಮೇಲೆ ಒಂದು ಬೈರಾಸು ಸಾಕು, ಅದಕ್ಕೊಂದು ಎಣ್ಣೆಯಾ ಎಂದರಂತೆ. "ಅಪ್ಪ ನಕ್ಕದ್ದು ಈ ವರ್ಷ ಅದೊಂದೇ ಸಲ," ಎನ್ನುತ್ತಾಳೆ ತೃಪ್ತಿ.

ಈ ಹುಡುಕಾಟಕ್ಕೆ ನೆರವಾಗುವ ಇನ್ನೊಬ್ಬರು ಅಲೆಕ್ಸ್. ಕಾರ್ಕಳದವರು, ಎಣ್ಣೆ ಕಂಪನಿಗಳ ಸರಕನ್ನು ನಿಟ್ಟೆಯಿಂದ ಕಾಪುವಿನ ತನಕ ಅಂಗಡಿ ಅಂಗಡಿಗೆ ಮುಟ್ಟಿಸುವವರು. ಹೂಡೆಯಲ್ಲಿ ಅವರಿಗೆ ವ್ಯಾಪಾರವಿಲ್ಲ, ಸಿಗಡಿ ಕೊಂಡುಹೋಗಲು ಬರುತ್ತಾರೆ. ಬಂದಾಗ ಮಾದರಿಯ ಚಿಕ್ಕ ಬಾಟಲಿಗಳನ್ನು ವಾಸು ಅವರಿಗೆ ಕೊಟ್ಟು ಹೋಗುತ್ತಾರೆ. ಡಬ್ಬಗಳ ಮಾತು ಕೇಳಿದರೆ ಅವರು ಏನನ್ನೂ ಮುಚ್ಚಿಡುವುದಿಲ್ಲ.

"ಇದು ಸಿಂಥೆಟಿಕ್, ಇದು ಸಿಂಥೆಟಿಕ್ ಬ್ಲೆಂಡ್, ಇದು ಸಿಂಥೆಟಿಕ್ ಟೆಕ್ನಾಲಜಿ," ಎಂದು ಬಾಟಲಿಗಳನ್ನು ಹಲಗೆಯ ಮೇಲೆ ಇಡುತ್ತಾರೆ. "ಮೊದಲಿನವನು ಮದುವೆ ಮನೆಯವನು ವಾಸಣ್ಣ. ಎರಡನೆಯವನು ಊಟಕ್ಕೆ ಬಂದವನು. ಮೂರನೆಯವನು ಮದುವೆ ಮನೆಯ ಎದುರಿನ ರಸ್ತೆಯಲ್ಲಿ ಹೋದವನು."

ಮದುವೆ ಮನೆಯವನಾದರೂ ಅಸಲಿಯಾ ಎಂದು ವಾಸು ಕೇಳುತ್ತಾರೆ. ಅದಕ್ಕೆ ಅಲೆಕ್ಸ್ ತಲೆ ತುರಿಸಿಕೊಳ್ಳುತ್ತಾರೆ. ನೆಲದಿಂದ ಬಂದ ಎಣ್ಣೆಯನ್ನೇ ಮತ್ತೆ ಮತ್ತೆ ಶುದ್ಧ ಮಾಡಿದ್ದಕ್ಕೂ ಆ ಹೆಸರು ಹಾಕುತ್ತಾರೆ, ಬೇರೆ ರೀತಿಯಲ್ಲಿ ಕಟ್ಟಿ ತಯಾರಿಸಿದ್ದಕ್ಕೂ ಅದೇ ಹೆಸರು, ಹೊರಗಿನಿಂದ ನೋಡಿದರೆ ತನಗೂ ಗೊತ್ತಾಗುವುದಿಲ್ಲ ಎಂದು ಒಪ್ಪಿಕೊಳ್ಳುತ್ತಾರೆ. ಹಾಗಾದರೆ ನಿನ್ನ ಸ್ಕೂಟರಿಗೆ ಯಾವುದು ಹಾಕುತ್ತೀ ಎಂದರೆ, "ಕಂಪನಿಯವರು ಯಾವುದನ್ನು ಪುಕ್ಕಟೆ ಕೊಡುತ್ತಾರೋ ಅದು ಮಾರಾಯ್ರೆ," ಎನ್ನುತ್ತಾರೆ.

ಮೊಳೆಗಳ ಪರೀಕ್ಷೆ ಹುಟ್ಟಿದ್ದು ಹೀಗೆ. ಒಂದೊಂದು ಎಣ್ಣೆಯಲ್ಲಿ ಒಂದೊಂದು ಮೊಳೆ ಅದ್ದಿ, ಕಡಲ ಗಾಳಿಗೆ ತೂಗುಹಾಕಿ, ಯಾವುದು ಮೊದಲು ತುಕ್ಕು ಹಿಡಿಯುತ್ತದೆ ಎಂದು ಕಾಯುವುದು. ಕಾರಿನ ಚಿತ್ರದ ಬಂಗಾರದ ಡಬ್ಬ ಇಲ್ಲಿ ಬೇಗ ಸೋತಿತು. ದೋಣಿಯ ಎಂಜಿನ್‌ಗೆಂದೇ ಮಾಡಿದ, ಚಿತ್ರವಿಲ್ಲದ ಬಿಳಿ ಡಬ್ಬದ ಎಣ್ಣೆ ಹೆಚ್ಚು ದಿನ ತಡೆಯಿತು. ಅದು ಮಣಿಪಾಲದ ಅಂಗಡಿಗಳಲ್ಲಿ ಸಿಗುವುದಿಲ್ಲ, ಕೇಳುವವರೂ ಇಲ್ಲ. ಇದರಿಂದ ಎಂಜಿನ್ನಿನ ಒಳಗೆ ಏನಾಗುತ್ತದೆ ಎಂದು ಹೇಳಲು ಬರುವುದಿಲ್ಲ, ಇದು ಬರೀ ತುಕ್ಕಿನ ಲೆಕ್ಕ ಎಂದು ವಾಸು ತಾವೇ ಹೇಳುತ್ತಾರೆ. ಆದರೆ ಅವರು ಓಡಿದ ಎಂಜಿನ್‌ಗಳಿಂದ ಇಳಿಸಿದ ಎಣ್ಣೆಯಲ್ಲೂ ಮೊಳೆ ಅದ್ದಿದ್ದಾರೆ. ಆ ಮೊಳೆಗಳೆಲ್ಲ ಒಂದೇ ಸಮನೆ ಕೆಂಪಾಗಿವೆ. "ಹೊಸತಿರುವಾಗ ಮಾತ್ರ ಭೇದ. ಹಳತಾದ ಮೇಲೆ ಎಲ್ಲ ಒಂದೇ ಜಾತಿ," ಎನ್ನುತ್ತಾರೆ.

ಈ ಮೊಳೆಗಳನ್ನು ಯಾರು ನೋಡಿದರು? ದೋಣಿಯವರು ಬರುತ್ತಾರೆ, ಹೋಗುತ್ತಾರೆ. ವಾಸಣ್ಣ ಮೊಳೆ ಬೆಳೆಸುತ್ತಿದ್ದಾರಾ ಎಂದು ಕೇಳಿದವರು ಉಂಟು. ಹಣ್ಣಾದ ಮೇಲೆ ನಮಗೂ ಎರಡು ಕೊಡಿ ಎಂದವರೂ ಉಂಟು. ವಾಸು ಅದಕ್ಕೆಲ್ಲ ಸಿಟ್ಟು ಮಾಡುವವರಲ್ಲ.

ಅವರ ನಿದ್ದೆ ಕೆಡಿಸಿದ್ದು ಹೋದ ವಾರ ನಡೆದ ಸಂಗತಿ. ದೋಣಿ ಮರಳಿಗೆ ಬಂದ ಮೇಲೆ ಅಖಿಲ್ ಎಣ್ಣೆಯ ಮಟ್ಟ ನೋಡುವ ಕಡ್ಡಿಯನ್ನು ಎಂಜಿನ್ನಿನಿಂದ ಎಳೆದು ಕೈಯಲ್ಲಿ ಹಿಡಿದುಕೊಂಡೇ ಶೆಡ್ಡಿಗೆ ಬಂದ. ಮುಖದಲ್ಲಿ ಬಹಳ ದಿನಗಳ ಮೇಲೆ ಒಂದು ಗೆಲುವು. ಕಡ್ಡಿಗೆ ಎರಡು ಗೆರೆ. ಎಣ್ಣೆ ಅವೆರಡರ ನಡುವೆ ಇರಬೇಕು. ಅದು ಮೇಲಿನ ಗೆರೆಯನ್ನೂ ದಾಟಿ ನಿಂತಿತ್ತು.

"ನೋಡಿ ಮಾವ. ಕಡಿಮೆ ಆಗಲೇ ಇಲ್ಲ. ಹೆಚ್ಚಾಗಿದೆ."

ಹಿಂದೆ ಬಂದ ದೋಣಿಯವರು, ಬೇರೆಯವರ ಎಂಜಿನ್ ಎಣ್ಣೆ ತಿನ್ನುತ್ತದೆ, ನಮ್ಮದು ಮರಿ ಹಾಕಿದೆ ಎಂದು ನಕ್ಕರು. ಎಣ್ಣೆ ಎಂದರೆ ತೀರಿಹೋಗುವ ವಸ್ತು ಎಂದೇ ತಿಳಿದು ಬೆಳೆದವರು ಅವರು. ತೀರದೆ ಹೆಚ್ಚುವ ಎಣ್ಣೆ ಕಂಡದ್ದು ಇದೇ ಮೊದಲು. ಹಿರಿಯರಾದ ತಾಂಡೇಲ, ಎಂದರೆ ದೋಣಿಯ ಯಜಮಾನಿಕೆ ನಡೆಸುವವರು, ಕಡ್ಡಿಗೆ ಕೈ ಮುಗಿದರು. ಹೋದ ವರ್ಷ ಕಳೆದುಕೊಂಡದ್ದಕ್ಕೆ ಈ ವರ್ಷ ದೈವ ಕಣ್ಣು ಬಿಟ್ಟಿದೆ ಎಂದರು.

ವಾಸು ಕಡ್ಡಿಯನ್ನು ಮೂಗಿಗೆ ಹಿಡಿದರು. ಪೆಟ್ರೋಲಿನ ವಾಸನೆ.

ಬಲೆ ಬಿಟ್ಟು ನಿಧಾನಕ್ಕೆ ಸುತ್ತುವಾಗ ಎಂಜಿನ್ ಸರಿಯಾಗಿ ಬಿಸಿಯಾಗುವುದಿಲ್ಲ. ಉರಿಯದೆ ಉಳಿದ ಪೆಟ್ರೋಲ್ ಸ್ವಲ್ಪ ಸ್ವಲ್ಪವೇ ಕೆಳಗಿಳಿದು ಎಣ್ಣೆಯ ಜೊತೆ ಸೇರುತ್ತದೆ. ಮಟ್ಟ ಏರುತ್ತದೆ, ಎಣ್ಣೆ ನೀರಾಗುತ್ತದೆ. ಡಬ್ಬ ಬಂಗಾರದ್ದಾದರೂ ಬಿಳಿಯದ್ದಾದರೂ ಇದಕ್ಕೆ ಔಷಧ ಒಂದೇ, ಇಳಿಸಿ ಹೊಸತು ಹೊಯ್ಯುವುದು. ವಾಸು ಅಲ್ಲೇ ಹೇಳಿದರು, ಈಗಲೇ ಇಳಿಸುವ ಎಂದರು. ಸ್ಪ್ಯಾನರ್ ಕೈಗೆ ತೆಗೆದುಕೊಂಡು ಮರಳಿಗೂ ಇಳಿದರು. ತಾಂಡೇಲ ಎಂಜಿನ್ನಿಗೆ ಅಡ್ಡ ನಿಂತರು. ಗದರಲಿಲ್ಲ, ಮೆಲ್ಲಗೇ ಹೇಳಿದರು.

"ವಾಸು, ಏರುವುದನ್ನು ನಾವಾಗಿ ಇಳಿಸುವುದು ಬೇಡ. ನಿನಗೆ ಶೀನ ಹೋದ ಹೆದರಿಕೆ. ನನಗೆ ಅರ್ಥ ಆಗುತ್ತದೆ."

ಅಖಿಲ್ ಮಾವನ ಕೈಯಿಂದ ಕಡ್ಡಿ ತೆಗೆದುಕೊಂಡು ಬನಿಯನ್ನಿನಲ್ಲಿ ಒರೆಸಿದ. ಮರುದಿನ ಬೆಳಿಗ್ಗೆ ದೋಣಿ ಹೋಯಿತು.

ತಂಗಿಯ ಮಾತನ್ನು ಮಗ ಮೀರುವುದಿಲ್ಲ ಎಂದು ವಾಸು ಅವರಿಗೆ ಗೊತ್ತು. ಸರಸ ದಿನಾ ಮೀನಿನ ಬುಟ್ಟಿ ಹೊತ್ತು ಬಸ್ಸು ಹತ್ತಿ ಕಡಿಯಾಳಿಯ ಮನೆಗಳಿಗೆ ಹೋಗಿ ಮಧ್ಯಾಹ್ನಕ್ಕೆ ಮರಳುತ್ತಾರೆ. ಗಂಡ ಹೋದ ಮೇಲೂ ಒಂದು ಮನೆ ತಪ್ಪಿಸಿದವರಲ್ಲ. ವಾಸು ತಂಗಿಯ ಮನೆಯ ಜಗುಲಿಯಲ್ಲಿ ಕಾದು ಕುಳಿತು, ಎಲ್ಲವನ್ನೂ ಮೊದಲಿನಿಂದ ಹೇಳಿದರು. ಡಬ್ಬದ ದೋಷವಲ್ಲ, ಹೋದ ವರ್ಷದ್ದೂ ಡಬ್ಬದ ದೋಷವಾಗಿರಲಿಲ್ಲ, ಇಳಿಸದೆ ಇಟ್ಟದ್ದರಿಂದ ಹಾಗಾಯಿತು, ಒಂದು ಸಲ ನೀನು ಹೇಳು ಎಂದರು. ಸರಸ ಖಾಲಿ ಬುಟ್ಟಿ ಕವುಚಿಟ್ಟು, ಕಾಲಿಗೆ ನೀರು ಹೊಯ್ದುಕೊಂಡು ಹೇಳಿದರು.

"ಅಣ್ಣ, ನೀನು ಹೇಳುವುದು ಸತ್ಯ ಅಂತ ಆದರೆ ಅವರನ್ನು ಕೊಂದದ್ದು ಅವರೇ ಅಂತ ಆಗುತ್ತದಲ್ಲ. ಆ ದೋಣಿಯಲ್ಲಿ ನನ್ನ ಮಗನೂ ಇದ್ದ. ಮಗನನ್ನೂ ಮುಳುಗಿಸಲಿಕ್ಕೆ ಹೊರಟದ್ದು ಅವನ ಅಪ್ಪನೇ ಅಂತ ಆಗುತ್ತದೆ. ಎಣ್ಣೆಯವನು ಮೋಸ ಮಾಡಿದ ಅಂತ ಇರಲಿ. ಅದೊಂದು ನನಗೆ ಬಿಡು."

ಎಂಜಿನ್ನಿನ ಒಳಗಿನದ್ದೆಲ್ಲ ವಾಸು ಅವರಿಗೆ ಕಾಣುತ್ತದೆ. ಈ ಒಂದು ವರ್ಷ ತಾನು ಯಾರ ಎದೆಯ ಮೇಲೆ ಕಾಲಿಟ್ಟು ನಡೆಯುತ್ತಿದ್ದೇನೆ ಎಂಬುದು ಕಂಡಿರಲಿಲ್ಲ. ಅಖಿಲ್ ಯಾಕೆ ಅಷ್ಟು ಗಟ್ಟಿಯಾಗಿ ಡಬ್ಬವನ್ನು ನಂಬುತ್ತಾನೆ ಎಂಬುದೂ ಆಗಲೇ ಹೊಳೆಯಿತು. ದುಬಾರಿ ಎಣ್ಣೆ ಅವನನ್ನು ಕಾಯುತ್ತದೆ ಎಂದಾದರೆ ಅಪ್ಪ ತಪ್ಪಿತಸ್ಥನಲ್ಲ. ಎಣ್ಣೆ ಇಳಿಸಿದ ದಿನ ಅಪ್ಪ ತಪ್ಪಿತಸ್ಥನಾಗುತ್ತಾನೆ. ಹುಡುಗ ಅಪ್ಪನ ಹೆಸರು ಉಳಿಸಲು ಅದೇ ಎಣ್ಣೆಯ ಮೇಲೆ ಕುಳಿತು ಕಡಲಿಗೆ ಹೋಗುತ್ತಿದ್ದಾನೆ.

ಆಮೇಲೆ ವಾಸು ಯಾರ ಹತ್ತಿರವೂ ಒತ್ತಾಯ ಮಾಡಲಿಲ್ಲ. ಬಿಳಿ ಡಬ್ಬವೊಂದನ್ನು ಮಂಗಳೂರಿನಿಂದ ತರಿಸಿ ಶೆಡ್ಡಿನಲ್ಲಿ ಇಟ್ಟಿದ್ದಾರೆ. ಎಣ್ಣೆ ಹಿಡಿಯುವ ಬೋಗುಣಿಯನ್ನು ಉಜ್ಜಿ ಇಟ್ಟಿದ್ದಾರೆ. ಬೆಳಿಗ್ಗೆ ದೋಣಿ ಹೋಗುವಾಗ ಸ್ವರ ಕೇಳುತ್ತಾರೆ, ಬರುವ ಹೊತ್ತಿಗೆ ಮತ್ತೆ ಬಂದು ನಿಲ್ಲುತ್ತಾರೆ. ನಡುವೆ ಬೇರೆಯವರ ಎಂಜಿನ್ ಕೈಗೆ ತೆಗೆದುಕೊಂಡರೆ ಬೋಲ್ಟು ಜಾರುತ್ತದೆ, ಹಾಗಾಗಿ ಬಂದವರನ್ನು ನಾಳೆ ಬನ್ನಿ ಎಂದು ಕಳಿಸುತ್ತಾರೆ. ಮೊನ್ನೆಯಿಂದ ಅಖಿಲನ ಎಂಜಿನ್ನಿನ ಸ್ವರದ ತಳದಲ್ಲಿ ಒಂದು ಸಣ್ಣ ಟಕಟಕ ಸೇರಿದೆಯಂತೆ. ಅದು ತನಗೆ ಮಾತ್ರ ಕೇಳುವುದೋ, ಹೆದರಿಕೆಗೆ ಹಾಗೆ ಕೇಳುವುದೋ ಎಂದು ಅವರಿಗೇ ನಿರ್ಧಾರ ಇಲ್ಲ.

ಪೇಪರಿಗೆ ನಿಮ್ಮ ವಿಷಯ ಬರೆಯಬಹುದೇ ಎಂದಾಗ ಮೊದಲು ಬೇಡವೆಂದವರು ಎರಡು ದಿನ ಬಿಟ್ಟು ತಾವೇ ಹೇಳಿಕಳಿಸಿದರು. ತಂಗಿಯನ್ನು ಕೇಳಿದ್ದಾರೆ. ಬರೆಯಲಿ, ಆದರೆ ತನ್ನ ಗಂಡನನ್ನು ತಪ್ಪುಗಾರ ಮಾಡುವುದು ಬೇಡ ಎಂದು ಸರಸ ಹೇಳಿದ್ದಾರಂತೆ. ಇಷ್ಟು ವರ್ಷದ ಕೆಲಸ, ಎಷ್ಟು ಎಂಜಿನ್ ಬದುಕಿಸಿದ್ದು, ಅದೆಲ್ಲ ಬರೆಯದಿದ್ದರೂ ಅಡ್ಡಿ ಇಲ್ಲ ಎನ್ನುತ್ತಾರೆ ವಾಸು. ಕಡಲಿನ ಕಡೆಗೆ ಕಿವಿ ಇಟ್ಟುಕೊಂಡೇ, ಬರೆಯಬೇಕಾದದ್ದನ್ನು ಒಂದೊಂದಾಗಿ ಹೇಳುತ್ತಾರೆ.

"ನಮ್ಮ ದೋಣಿಯವರು ಡಬ್ಬದ ಮೇಲೆ ಅಚ್ಚು ಹಾಕಿದ್ದನ್ನು ನಂಬುವವರು. ನಾನು ಬಾಯಲ್ಲಿ ಹೇಳಿದರೆ ಹೆದರಿಕೆ ಅನ್ನುತ್ತಾರೆ. ನೀವು ಅಚ್ಚು ಹಾಕಿ. ಡಬ್ಬ ಒಳ್ಳೆಯದು, ಎಣ್ಣೆ ಒಳ್ಳೆಯದು, ಶೀನ ಎಂಜಿನ್ ನಡೆಸುವುದರಲ್ಲಿ ಒಳ್ಳೆಯ ಕೈ, ಯಾರದ್ದೂ ತಪ್ಪಿಲ್ಲ. ಆದರೂ ಎರಡು ವಾರಕ್ಕೊಮ್ಮೆ ಇಳಿಸಬೇಕು ಅಂತ ಹಾಕಿ. ಅಖಿಲನ ಹೆಸರು ಸ್ವಲ್ಪ ದೊಡ್ಡ ಅಕ್ಷರದಲ್ಲಿ ಇರಲಿ. ಅವನು ಪೇಪರ್ ಪೂರ್ತಿ ಓದುವವನಲ್ಲ, ಮಡಚುವಾಗ ತನ್ನ ಹೆಸರು ಕಂಡರೆ ನಿಲ್ಲಿಸುತ್ತಾನೆ."